ಗೆರೆಯಾಚೆಯ ಸಲಾಮು

ತಾಲ್ದಿಕೊರ್ಗಾನಿನಿಂದ ಅಲ್ಮಾಟಿಗೆ ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿ. ಆ ನಾಲ್ಕು ಗಂಟೆಯೂ ನನ್ನ ಅತ್ತೆ ಕುಲ್ಪಾಶ್ ಆಪಾ ಮಿಠಾಯಿಯ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದರು. ನಾನು ನನ್ನ ಸುಳ್ಳನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಕುಳಿತಿದ್ದೆ.

ಸುಳ್ಳು ಒಂದೇ ಆಗಿದ್ದರೆ ಇಷ್ಟು ಭಯವಿರುತ್ತಿರಲಿಲ್ಲ. ನನ್ನ ಓರಗಿತ್ತಿ ತೊಲ್ಕಿನ್ ರಗ್ಬಿ ಆಡುತ್ತಾಳೆ. ಅವಳು ಮೊದಲು ನಮ್ಮ ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿನಿ. ನಾನು ಜೀವಶಾಸ್ತ್ರ ಕಲಿಸುತ್ತಿದ್ದೆ, ಅವಳು ಕೊನೆಯ ಬೆಂಚಿನಲ್ಲಿ ಕುಳಿತು ಮೊಣಕಾಲಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದಳು. ಮೈದುನ ಮಾದಿಗೆ ಆ ಸಂಬಂಧ ತಂದವಳು ನಾನೇ. ಮದುವೆಯಾದ ಹೊಸದರಲ್ಲಿ ಆಪಾ, "ಆ ಹುಡುಗಿ ಆಡೋ ಆಟ ಎಂಥದ್ದು?" ಎಂದು ಕೇಳಿದಾಗ, "ವಾಲಿಬಾಲ್ ಥರ ಆಪಾ. ಚೆಂಡು ಮಾತ್ರ ಸ್ವಲ್ಪ ಉದ್ದಕ್ಕಿರುತ್ತೆ" ಎಂದಿದ್ದೆ. ಮೂರು ವರ್ಷ ಆ ಮಾತು ಹಾಗೇ ನಡೆದುಕೊಂಡು ಬಂತು.

ಎರಡನೆಯ ಸುಳ್ಳು ಕಳೆದ ಜನವರಿಯದು. ಅಲ್ಮಾಟಿಯ ಅಭ್ಯಾಸದಲ್ಲಿ ತೊಲ್ಕಿನಳ ಭುಜಕ್ಕೆ ಸೇರುವ ಕೊರಳೆಲುಬು ಮುರಿಯಿತು. ಫೋನು ನನಗೇ ಬಂತು. ನಾನು ಮನೆಗೆ ಹೋಗಿ, ಕೋಟು ಬಿಚ್ಚುವ ಮೊದಲೇ, "ಅಲ್ಮಾಟಿಯಲ್ಲಿ ರಸ್ತೆಯೆಲ್ಲ ಮಂಜುಗಟ್ಟಿ ಗಾಜಿನ ಹಾಗಾಗಿದೆಯಂತೆ" ಎಂದು ಶುರುಮಾಡಿ, ತೊಲ್ಕಿನ್ ಜಾರಿ ಬಿದ್ದು ಭುಜ ಸ್ವಲ್ಪ ಉಳುಕಿತಂತೆ ಎಂದು ಮುಗಿಸಿದೆ. ಆಪಾ ಪೂರ್ತಿ ನಂಬಿದರು. ಆ ವಾರವೇ ಪೇಟೆಗೆ ಹೋಗಿ, ಜಾರದ ತಳವಿರುವ ಬೂಟು ಕೊಂಡು ತೊಲ್ಕಿನಳಿಗೆ ಕಳಿಸಿದರು. ಆ ಬೂಟಿನ ಖಾಲಿ ಡಬ್ಬ ಇಂದಿಗೂ ನಮ್ಮ ಅಟ್ಟದ ಮೇಲಿದೆ. ನಾನು ಅದರ ಕಡೆ ನೋಡುವುದಿಲ್ಲ.

ಈಗ ದೇಶದ ತಂಡದವರು ತೊಲ್ಕಿನಳನ್ನು ಇನ್ನೆರಡು ವರ್ಷ ಬೇಕೆಂದು ಕೇಳಿದ್ದಾರೆ. ವರ್ಷದ ಬಹುಪಾಲು ಅಲ್ಮಾಟಿಯಲ್ಲೇ ಇರಬೇಕು. ಕಾಸ್ಪಿಯನ್ ದಡದ ಎಣ್ಣೆ ಬಾವಿಯಲ್ಲಿ ಕೆಲಸ ಮಾಡುವ ಮಾದಿ ಫೋನಿನಲ್ಲಿ, "ಆಪಾ ಹೇಳಿದ ಹಾಗೆ" ಎಂದು ಜಾರಿಕೊಂಡ. ಆಪಾ, "ಕಣ್ಣಾರೆ ನೋಡ್ದೆ ನಾನು ಏನೂ ಹೇಳಲ್ಲ. ನೋಡಿದ್ಮೇಲೆ ಹರಸಿದ್ರೆ ಆಡ್ಲಿ, ಇಲ್ಲಾಂದ್ರೆ ಮನೆಗೆ ಬರ್ಲಿ" ಎಂದರು. ತೊಲ್ಕಿನ್ ಅದಕ್ಕೆ ಒಪ್ಪಿದಳು. ಏಷ್ಯಾದ ಹೆಂಗಸರ ರಗ್ಬಿ ಪಂದ್ಯಾವಳಿ ಈ ಮೇ ತಿಂಗಳ ಕೊನೆಗೆ ಅಲ್ಮಾಟಿಯಲ್ಲೇ ಇತ್ತು. ಹಾಗಾಗಿ ಈ ಬಸ್ಸು.

"ಉದ್ದಕ್ಕಿರುತ್ತೆ ಅಂದೆಯಲ್ಲ ಚೆಂಡು, ಎಷ್ಟು ಉದ್ದ?" ಕಪ್ಚಗಾಯ್ ಹತ್ತಿರ, ಒಣಮೀನು ಮಾರುವವರ ಸಾಲು ದಾಟುವಾಗ ಆಪಾ ಕೇಳಿದರು.

"ಕರ್ಬೂಜದ ಹಾಗೆ ಆಪಾ."

"ಕರ್ಬೂಜಾನ ಬಲೆ ಮೇಲಿಂದ ಹೊಡೀತಾರಾ?"

"ಬಲೆ ಇರಲ್ಲ."

"ಬಲೆ ಇಲ್ದೆ ವಾಲಿಬಾಲು," ಎಂದು ಆಪಾ ತಮ್ಮಷ್ಟಕ್ಕೆ ಹೇಳಿಕೊಂಡರು. ನಾನು ಕಿಟಕಿಯಾಚೆಯ ಮೀನುಗಳನ್ನು ಬಹಳ ಗಮನದಿಂದ ನೋಡಿದೆ.

ಅಲ್ಮಾಟಿಯ ನಿಲ್ದಾಣದಲ್ಲಿ ಇಳಿದರೆ ಎದುರಿಗೇ ಆಳೆತ್ತರದ ಚಿತ್ರ. ತಿಳಿನೀಲಿ ಅಂಗಿಯ ಹುಡುಗಿಯೊಬ್ಬಳು ಬಿಳಿ ಅಂಗಿಯವಳ ಸೊಂಟವನ್ನು ಎರಡೂ ಕೈಯಿಂದ ಬಾಚಿ ಹಿಡಿದಿದ್ದಾಳೆ, ಇಬ್ಬರ ಕಾಲೂ ನೆಲದ ಮೇಲಿಲ್ಲ. ಕೆಳಗೆ ಪಂದ್ಯಗಳ ದಿನಾಂಕ. ಆಪಾ ಚೀಲ ಕೆಳಗಿಟ್ಟು ನಿಂತರು.

"ಯಾಕೆ ತಬ್ಕೊಂಡಿದ್ದಾಳೆ?"

"ಸ್ನೇಹಿತೆಯರಿರಬೇಕು."

"ಇನ್ನೊಬ್ಬಳ ಮುಖ ನೋಡಿದ್ರೆ ಹಾಗನ್ಸಲ್ಲ."

ಟ್ಯಾಕ್ಸಿಯವನು ನಾವು ಹೋಗುವ ಮೈದಾನದ ಹೆಸರು ಕೇಳಿ ನಕ್ಕ. ಎರಡು ದಿನದಿಂದ ತನಗೆ ಅದೇ ಸವಾರಿ ಎಂದ. "ಬೆಳಿಗ್ಗೆ ನಾಲ್ಕು ಜನ ಹುಡ್ಗೀರನ್ನ ಹತ್ತಿಸ್ಕೊಂಡೆ ಆಪಾ. ನಾಲ್ಕೇ ಜನ. ಅವರು ಕೂತ ತಕ್ಷಣ ನನ್ನ ಕಾರೂ ಕೂತ್ಬಿಡ್ತು."

"ವಾಲಿಬಾಲಿನೋರು ಎತ್ತರ ಇರ್ತಾರೆ," ಎಂದರು ಆಪಾ, ನನ್ನ ಕಡೆ ತಿರುಗದೆ. "ತೂಕ ಇರಲ್ಲ."

ನಾನು ಬೆಟ್ಟ ನೋಡಿದೆ. ಅಲ್ಮಾಟಿಯಲ್ಲಿ ಯಾವ ಬೀದಿಯಲ್ಲಿದ್ದರೂ ಅದೊಂದು ಅನುಕೂಲ. ಮಾತು ಕಷ್ಟವಾದಾಗ ನೋಡಲು ಬೆಟ್ಟವಿರುತ್ತದೆ. ತುದಿಯಲ್ಲಿ ಇನ್ನೂ ಹಿಮವಿತ್ತು. ರಸ್ತೆಯ ಪಕ್ಕದ ಕಾಲುವೆಗಳಲ್ಲಿ ಅದರದೇ ನೀರು ಸದ್ದುಮಾಡುತ್ತ ಇಳಿಯುತ್ತಿತ್ತು. ಊರು ಹಬ್ಬಕ್ಕೆ ತಲೆ ಬಾಚಿಕೊಂಡಂತೆ ಕಾಣುತ್ತಿತ್ತು. ಕಂಬಕಂಬಕ್ಕೂ ಬಾವುಟ, ಕಾಫಿ ಅಂಗಡಿಯ ಮುಂದೆ ಬೇರೆ ಬೇರೆ ದೇಶದ ಅಗಲ ಭುಜದ ಹುಡುಗಿಯರು, ಕಣ್ಣಿನ ಕೆಳಗೆ ಹಳದಿಗಟ್ಟಿದ ಏಟಿನ ಗುರುತು, ಕೈಯಲ್ಲಿ ಐಸ್‌ಕ್ರೀಮು. ಭಯ ಇಲ್ಲದಿದ್ದರೆ ನಾನು ಆ ದಿನವನ್ನು ಆಗಲೇ ಇಷ್ಟಪಡಲು ಶುರುಮಾಡಿರುತ್ತಿದ್ದೆ.

ಮೈದಾನದ ಬಾಗಿಲಲ್ಲಿ ಹೊಟ್ಟೆ ಬಂದ ಕಾವಲುಗಾರ ಆಪಾರ ಚೀಲ ತೆರೆಸಿದ. ಹಿಟ್ಟಿನ ಉಂಡೆ ಕರಿದ ಬೌರ್ಸಾಕು, ಕುದುರೆ ಮಾಂಸದ ಕಾಜ಼ಿ, ಟೀ ಫ್ಲಾಸ್ಕು, ಮೂರು ಬಟ್ಟಲು, ಹಾಸುವ ಬಟ್ಟೆ, ಮತ್ತು ಎರಡು ಕಿಲೋ ಮಿಠಾಯಿ.

"ಊಟ ಒಳಗೆ ಬಿಡಲ್ಲ ಆಪಾ. ಈ ಮಿಠಾಯಿ ಯಾಕೆ?"

"ಯಾಕೆ ಅಂದ್ರೆ? ನಿನ್ನ ಮದುವೇಲಿ ನಿಮ್ಮಮ್ಮ ತಲೆ ಮೇಲೆ ಕಲ್ಲು ಎರಚಿದ್ಲಾ?"

ಶುಭ ಗಳಿಗೆಯಲ್ಲಿ ಹಿರಿಯ ಹೆಂಗಸರು ಮಿಠಾಯಿ ಎರಚುವುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಅವನು ತಲೆ ಕೆರೆದುಕೊಂಡ. "ಎರಚೋ ಹಾಗಿಲ್ಲ. ಹುಲ್ಲಿನ ಮೇಲೆ ಬಿದ್ರೆ ರೆಫ್ರಿ ಆಟ ನಿಲ್ಲಿಸ್ತಾರೆ. ನನ್ನ ಕೆಲಸ ಹೋಗುತ್ತೆ."

"ಎರಚಲ್ಲ," ಎಂದೆ ನಾನು. "ಅವರು ಸುಮ್ನೆ ಇಟ್ಕೊಂಡಿರ್ತಾರೆ."

ಆಪಾ ಅವನ ಅಂಗೈಗೆ ಎರಡು ಬೌರ್ಸಾಕು ಇಟ್ಟರು. ಅವನು ಒಂದನ್ನು ಬಾಯಿಗೆ ಹಾಕಿಕೊಂಡು ಆಕಾಶ ನೋಡುತ್ತ ನಿಂತ. ನಾವು ಒಳಗೆ ಹೋದೆವು. ನನ್ನ ಲೆಕ್ಕಕ್ಕೆ ಇನ್ನೊಂದು ಸುಳ್ಳು ಸೇರಿತು.

ನಾಲ್ಕು ಗಂಟೆಗೆ ನಮ್ಮವರಿಗೂ ಹಾಂಗ್‌ಕಾಂಗಿನವರಿಗೂ ಆಟ. ತಿಳಿನೀಲಿ ಅಂಗಿಯ ಏಳನೇ ನಂಬರಿನವಳು ತೊಲ್ಕಿನ್. ಮನೆಯಲ್ಲಿ ತಲೆಗೆ ವಸ್ತ್ರ ಕಟ್ಟಿಕೊಂಡು, ಬಾಗಿಲ ಬಳಿಯ ಜಾಗದಲ್ಲಿ ಕುಳಿತು, ಮೆಲ್ಲಗೆ ಟೀ ಸುರಿಯುವ ಹುಡುಗಿ. ಇಲ್ಲಿ ಜಡೆಯನ್ನು ತಲೆಗೆ ಬಿಗಿದು ಕಟ್ಟಿದ್ದಳು. ಕಿವಿಗೆ ಪಟ್ಟಿ ಸುತ್ತಿದ್ದಳು. ಸೀಟಿ ಮೊಳಗಿತು. ಬಿಳಿ ಅಂಗಿಯ ಹುಡುಗಿಯೊಬ್ಬಳು ಚೆಂಡು ಹಿಡಿದು ಓಡಿಬಂದಳು. ತೊಲ್ಕಿನ್ ಅವಳ ತೊಡೆಗೆ ಭುಜ ಕೊಟ್ಟು, ಎತ್ತಿ, ಕೆಡವಿದಳು. ಆ ಸದ್ದು ನಮ್ಮವರೆಗೂ ಕೇಳಿಸಿತು.

ನಾನು ಆಟ ನೋಡುತ್ತಿರಲಿಲ್ಲ, ಆಪಾರ ಮುಖ ನೋಡುತ್ತಿದ್ದೆ. ಆ ಮುಖದಲ್ಲಿ ಏನೂ ಆಗಲಿಲ್ಲ. ಆಗದೆ ಇದ್ದದ್ದೇ ನನಗೆ ಹೆಚ್ಚು ಹೆದರಿಕೆ.

ನಮ್ಮ ಪಕ್ಕದಲ್ಲಿ ಕುಳಿತಿದ್ದವಳು ಗಲೀನಾ ಪೆತ್ರೋವ್ನಾ, ಮೂರನೇ ನಂಬರಿನವಳ ತಾಯಿ. ಕೆಂಪು ಕೂದಲಿನ, ಗಂಟಲು ಒರಟಾದ ಹೆಂಗಸು. ಆಪಾ ಯಾರ ಅತ್ತೆ ಎಂದು ತಿಳಿದದ್ದೇ ಅವಳು ತನ್ನ ಸೂರ್ಯಕಾಂತಿ ಬೀಜದ ಪೊಟ್ಟಣವನ್ನು ಮುಂದೆ ಮಾಡಿ, ಆಟ ಹೇಳಿಕೊಡತೊಡಗಿದಳು.

"ಆ ತುದೀಲಿ ಬಿಳಿ ಗೆರೆ ಇದೆಯಲ್ಲ, ಅದರಾಚೆ ಚೆಂಡು ಒತ್ತಿದ್ರೆ ಐದು ಅಂಕ. ಮುಂದಕ್ಕೆ ಎಸೆಯೋ ಹಾಗಿಲ್ಲ, ಹಿಂದಿನವಳಿಗೇ ಕೊಡಬೇಕು. ಚೆಂಡು ಪಕ್ಕದ ಗೆರೆ ದಾಟಿದ್ರೆ ಎದುರು ತಂಡದವಳು ತಕ್ಷಣ ಒಳಗೆ ಎಸೀಬಹುದು. ಚೆಂಡು ಹಿಡ್ಕೊಂಡವಳನ್ನ ಕೆಡವಬಹುದು. ಕತ್ತು ಮಾತ್ರ ಮುಟ್ಟೋ ಹಾಗಿಲ್ಲ."

"ಕತ್ತು ಬಿಟ್ಟು ಬೇರೆ ಎಲ್ಲಾನೂ ಮುಟ್ಟಬಹುದು," ಎಂದರು ಆಪಾ.

"ಹೂಂ ಮತ್ತೆ. ನಿಮ್ಮ ಸೊಸೆ ಗಟ್ಟಿ ಹುಡ್ಗಿ ಬಿಡಿ. ಜನವರೀಲಿ ಕೊರಳೆಲುಬು ಮುರ್ಕೊಂಡಾಗ ಇಲ್ಲೇ, ಆ ಮೂಲೇಲೇ ಬಿದ್ದಿದ್ಲು. ನಾನೇ ಕಾರಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋದೆ. ದಾರಿ ಉದ್ದಕ್ಕೂ ಒಂದು ಹನಿ ಕಣ್ಣೀರು ಹಾಕ್ಲಿಲ್ಲ. ಈಗ ನೋಡಿ, ಅದೇ ಭುಜದಲ್ಲಿ ಹೆಂಗೆ ಗುದ್ದುತಾಳೆ."

ಸೂರ್ಯಕಾಂತಿ ಬೀಜದ ಸಿಪ್ಪೆ ನನ್ನ ತುಟಿಗೆ ಅಂಟಿಕೊಂಡಿತು. ಆಪಾ ಆ ಮೂಲೆಯ ಕಡೆ ತಿರುಗಿದರು.

"ಮಂಜಿನ ಮೇಲೆ ಜಾರಿದ್ಲು ಅಂದಿದ್ದೆ," ಎಂದರು. ದನಿ ಎತ್ತರಿಸಲಿಲ್ಲ.

"ಹೂಂ ಆಪಾ."

"ನಾನು ಬೂಟು ಕಳಿಸಿದೆ."

ಆಪಾ ಚೀಲ ಎತ್ತಿಕೊಂಡು ಎದ್ದರು. ಮನೆಗೆ ಹೊರಟರು ಎಂದೇ ತಿಳಿದು ನಾನೂ ಎದ್ದೆ. ಆದರೆ ಅವರು ಮೆಟ್ಟಿಲು ಇಳಿದು, ಮೈದಾನದ ಅಂಚಿನ ಕಬ್ಬಿಣದ ಕಂಬಿಯ ಹತ್ತಿರ ಹೋಗಿ ನಿಂತರು. ಅಲ್ಲಿಂದ ಆಟದ ಪಕ್ಕದ ಗೆರೆ ನಾಲ್ಕು ಹೆಜ್ಜೆಯಷ್ಟೇ. ನಾನು ಅವರ ಹಿಂದೆ, ಒಂದು ಮೊಳ ದೂರ ಬಿಟ್ಟು ನಿಂತೆ. ಆಡುವವರ ಉಸಿರಾಟ ಕೇಳಿಸುತ್ತಿತ್ತು. ಹತ್ತು ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ಚೆಂಡಿಗಾಗಿ ಕಿತ್ತಾಡುತ್ತಿದ್ದರು. ಆ ರಾಶಿಯ ತಳದಿಂದ ತೊಲ್ಕಿನ್ ಚೆಂಡು ಕಿತ್ತುಕೊಂಡು ತೆವಳಿ ಹೊರಬಂದಳು.

"ಕೋಕ್‌ಪರ್," ಎಂದರು ಆಪಾ. ಯಾರಿಗೂ ಹೇಳಿದಂತಿರಲಿಲ್ಲ. "ಕುದುರೆ ಇಲ್ಲ, ಅಷ್ಟೆ. ಆಡಿನ ಬದಲು ಕರ್ಬೂಜ."

ಕುದುರೆಯ ಮೇಲಿನ ಗಂಡಸರು ಸತ್ತ ಆಡೊಂದಕ್ಕಾಗಿ ಗುದ್ದಾಡುವ ಆ ಆಟದಲ್ಲಿ ನನ್ನ ಮಾವನ ಹೆಸರು ದೊಡ್ಡದಿತ್ತಂತೆ. ನಾನು ಆ ಮನೆಗೆ ಬರುವ ಹೊತ್ತಿಗೆ ಅವರು ಕೋಲು ಹಿಡಿದು ನಡೆಯುತ್ತಿದ್ದರು.

ಅರ್ಧ ಆಟ ಮುಗಿದು ಮತ್ತೆ ಶುರುವಾಗಿ, ಮುಗಿಯಲು ಹತ್ತು ನಿಮಿಷ ಇರುವಾಗ ನಮ್ಮವರು ಒಂಬತ್ತು ಅಂಕ ಮುಂದಿದ್ದರು. ಆಗ ತೊಲ್ಕಿನ್ ಚೆಂಡು ಹಿಡಿದು ನಮ್ಮ ಅಂಚಿನ ಗುಂಟ ಓಡಿಬಂದಳು. ಇಬ್ಬರು ಬಿಳಿ ಅಂಗಿಯವರು ಒಟ್ಟಿಗೆ ಅವಳ ಮೇಲೆ ಬಿದ್ದರು. ಮೂವರೂ ಪಕ್ಕದ ಗೆರೆ ದಾಟಿ ಹೊರಗೆ ಉರುಳಿದರು. ತೊಲ್ಕಿನ್ ಬಂದು ಬಿದ್ದದ್ದು ಕಂಬಿಯ ಬುಡದಲ್ಲಿ, ಆಪಾರ ಕಾಲ ಬಳಿ. ಚೆಂಡು ಅವಳ ಕೈಯಿಂದ ಜಾರಿ ಗೆರೆಯ ಹತ್ತಿರ ಉರುಳಿತು.

ಅವಳು ಎದ್ದಳು. ತಲೆ ಎತ್ತಿದಳು. ಎದುರಿಗೆ ಅತ್ತೆ.

ಮೂರು ವರ್ಷ ಮನೆಯಲ್ಲಿದ್ದಾಗಲೆಲ್ಲ ಬೆಳಿಗ್ಗೆ ಮಾಡಿದ್ದನ್ನೇ ಅವಳ ಮೈ ಮಾಡಿತು. ಕೆಸರಾದ ಎರಡೂ ಕೈ ಬಲಮಂಡಿಯ ಮೇಲಿಟ್ಟು, ತಲೆ ತಗ್ಗಿಸಿ, ನಿಧಾನವಾಗಿ ಬಾಗಿ ಸಲಾಮು ಮಾಡಿದಳು. ಹಿರಿಯರು ಎದುರಾದರೆ ನಮ್ಮ ಮನೆಯ ಸೊಸೆಯಂದಿರು ಮಾಡುವ ಹಾಗೆ, ಆತುರವಿಲ್ಲದೆ.

ಜೊತೆಗೆ ಉರುಳಿದ್ದ ಹಾಂಗ್‌ಕಾಂಗಿನ ಹುಡುಗಿಯೊಬ್ಬಳಿಗೆ ಇದೇನೂ ಗೊತ್ತಿಲ್ಲ. ಅವಳು ಬಿದ್ದಿದ್ದ ಚೆಂಡನ್ನು ಎತ್ತಿ, ಗೆರೆಯ ಒಳಗಿದ್ದ ತನ್ನ ತಂಡದವಳಿಗೆ ಎಸೆದಳು. ಒಳಗಿದ್ದವಳು ತೊಲ್ಕಿನ್ ನಿಲ್ಲಬೇಕಿದ್ದ ಖಾಲಿ ಜಾಗದಲ್ಲಿ ನೇರ ಓಡಿ, ಗೆರೆಯಾಚೆ ಚೆಂಡು ಒತ್ತಿದಳು. ತೊಲ್ಕಿನ್ ತಲೆ ಎತ್ತುವಷ್ಟರಲ್ಲಿ ಐದು ಅಂಕ ಹೋಗಿತ್ತು.

ಹಿಂದಿನಿಂದ ಗಲೀನಾಳ ಒರಟು ಗಂಟಲು ಕೇಳಿಸಿತು: "ಅವಳು ಏನು ಕಳ್ಕೊಂಡ್ಲು ಅಲ್ಲಿ, ಕಿವಿಯೋಲೆ ಹುಡುಕ್ತಿದಾಳಾ?"

ತೊಲ್ಕಿನ್ ಬಿಳಿಚಿಕೊಂಡು ನಿಂತಳು. ನಾನು ನೋಡಿದೆ, ಆಪಾರ ಕೆನ್ನೆ ಕೆಂಪಾಗಿತ್ತು. ಅವರು ಕಂಬಿಯ ಮೇಲಿಂದ ಬಾಗಿ, ನಾನು ಸೊಸೆಯಾಗಿ ಬಂದ ಹದಿನಾರು ವರ್ಷದಲ್ಲಿ ಒಮ್ಮೆಯೂ ಕೇಳದ ದನಿಯಲ್ಲಿ ಕೂಗಿದರು.

"ಇಲ್ಲಿ ಯಾರು ಕೇಳಿದ್ರು ನಿನ್ನ ಸಲಾಮು? ಹೋಗೇ, ಹೋಗಿ ಹಿಡಿ ಅವರನ್ನ. ನಾನು ಇಲ್ಲಿಲ್ಲ ಅಂದ್ಕೋ."

ತೊಲ್ಕಿನ್ ಇನ್ನೊಮ್ಮೆ ತಲೆ ಬಾಗಿಸಲು ಹೋಗಿ, ಅರ್ಧದಲ್ಲೇ ತಡೆದುಕೊಂಡು ಓಡಿದಳು.

ಉಳಿದ ಹೊತ್ತು ಹಾಂಗ್‌ಕಾಂಗಿನವರು ನಮ್ಮ ಗೆರೆಯ ಮುಂದೆಯೇ ಇದ್ದರು. ನಾಲ್ಕು ಅಂಕದ ಅಂತರ. ಇನ್ನೊಮ್ಮೆ ಒತ್ತಿದರೆ ಅವರದೇ ಗೆಲುವು. ಆಪಾ ಕಂಬಿ ಹಿಡಿದು ಅವರ ಜೊತೆಗೆ ಆ ಕಡೆ ನಡೆದರು, ಈ ಕಡೆ ನಡೆದರು. ಚೀಲ ನನ್ನ ಕೈಗೆ ಬಂದಿತ್ತು. "ಕಾಲು ಹಿಡಿ, ಕಾಲು," ಎನ್ನುತ್ತಿದ್ದರು. "ಮೇಲೆ ಹಿಡಿದ್ರೆ ಜಾರ್ತಾಳೆ." ಕೊನೆಯಲ್ಲಿ ಬಿಳಿ ಅಂಗಿಯ ಭಾರಿ ಹುಡುಗಿಯೊಬ್ಬಳು ತಲೆ ತಗ್ಗಿಸಿ ನುಗ್ಗಿದಳು. ತೊಲ್ಕಿನ್ ಅವಳ ಮೊಣಕಾಲಿನ ಕೆಳಗೆ ತೋಳು ಸುತ್ತಿ, ಮುರಿದು ಕೂಡಿದ ಅದೇ ಭುಜವನ್ನು ಅವಳಿಗೆ ಒತ್ತಿ, ಬಿಡದೆ ಹಿಡಿದಳು. ನಾನು ಕಣ್ಣು ಮುಚ್ಚಿಕೊಂಡೆ. ಸೀಟಿ ಕೇಳಿತು. ಕಣ್ಣು ತೆರೆದಾಗ ಚೆಂಡು ಗೆರೆಯ ಈಚೆ ಬಿದ್ದಿತ್ತು. ತೊಲ್ಕಿನ್ ಎದ್ದು, ಆ ಭಾರಿ ಹುಡುಗಿಗೆ ಕೈಕೊಟ್ಟು ಎಬ್ಬಿಸುತ್ತಿದ್ದಳು. ನಾವು ಗೆದ್ದಿದ್ದೆವು.

ಎರಡೂ ತಂಡದವರು ಸಾಲಾಗಿ ಕಂಬಿಯ ಹತ್ತಿರ ಜನರಿಗೆ ಕೈಬೀಸಲು ಬಂದಾಗ, ಆಪಾ ನನ್ನ ಕೈಯಿಂದ ಚೀಲ ತೆಗೆದುಕೊಂಡರು.

"ಎರಚಲ್ಲ ಅಂತ ಹೇಳಿದ್ದೆ ಆಪಾ, ಬಾಗಿಲಲ್ಲಿ," ಎಂದೆ.

"ನೀನು ಹೇಳಿದ್ದೆ," ಎಂದರು. "ನಾನು ಹೇಳಿರಲಿಲ್ಲ."

ಎರಡು ಕಿಲೋ ಮಿಠಾಯಿ, ಹಿಡಿಹಿಡಿಯಾಗಿ, ತಿಳಿನೀಲಿ ಅಂಗಿಗಳ ಮೇಲೂ ಬಿಳಿ ಅಂಗಿಗಳ ಮೇಲೂ ಬಿತ್ತು. ನಮ್ಮ ಹುಡುಗಿಯರು ಚಿಕ್ಕಂದಿನಿಂದ ಕಲಿತಂತೆ ಬಗ್ಗಿ ಆರಿಸತೊಡಗಿದರು. ಹಾಂಗ್‌ಕಾಂಗಿನವರು ಮೊದಲು ಗಾಬರಿಯಾಗಿ ಮೇಲೆ ನೋಡಿದರು, ಆಮೇಲೆ ಅವರೂ ಬಗ್ಗಿದರು. ಕಾವಲುಗಾರ ಓಡಿಬಂದ. ಆಟ ಮುಗಿದಿದೆ, ಇನ್ನು ನಿಲ್ಲಿಸುವುದೇನಿದೆ ಎಂದು ಆಪಾ ಕೇಳಿದರು. ಅವನು ಯೋಚಿಸಿ, ತಾನೂ ಎರಡು ಆರಿಸಿ ಜೇಬಿಗೆ ಹಾಕಿಕೊಂಡ.

ಮೈದಾನದ ಹಿಂದೆ, ಪಾಪ್ಲರ್ ಮರಗಳ ಕೆಳಗೆ, ಕಾಲುವೆಯ ದಡದ ಹುಲ್ಲಿನ ಮೇಲೆ ಬಟ್ಟೆ ಹಾಸಿ ಕುಳಿತೆವು. ಬಿಸಿಲಿನ್ನೂ ಇತ್ತು. ತೊಲ್ಕಿನ್ ಸ್ನಾನ ಮಾಡಿ, ತಲೆಗೆ ವಸ್ತ್ರ ಕಟ್ಟಿಕೊಂಡು, ಭುಜದ ಮೇಲೆ ಮಂಜುಗಡ್ಡೆಯ ಚೀಲ ಇಟ್ಟುಕೊಂಡು ಬಂದಳು.

"ತಪ್ಪಾಯ್ತು ಆಪಾ. ನೀವು ಎದುರಿಗೆ ಕಂಡ್ರಿ, ಮಂಡಿ ತಾನಾಗೇ ಬಾಗ್ತು."

"ಐದು ಅಂಕದ ಸಲಾಮು. ನನ್ನ ಜನ್ಮದಲ್ಲಿ ಯಾರೂ ನನಗೆ ಇಷ್ಟು ದುಬಾರಿ ಸಲಾಮು ಮಾಡಿಲ್ಲ. ನಿಮ್ಮ ಕೋಚ್ ಏನಂದ?"

"ನಿಮ್ಮ ಮುಂದೆ ಹೇಳೋ ಮಾತಲ್ಲ ಆಪಾ."

ಆಪಾರ ಭುಜ ಅಲುಗಿತು. ನಗುತ್ತಿದ್ದರು. ತೊಲ್ಕಿನ್ ಧೈರ್ಯ ತಂದುಕೊಂಡು ಫ್ಲಾಸ್ಕಿಗೆ ಕೈಚಾಚಿದಳು. ಟೀ ಸುರಿಯುವುದು ಕಿರಿಯ ಸೊಸೆಯ ಕೆಲಸ. ಮೂರು ವರ್ಷದಿಂದ, ಅವಳು ಜೊತೆಗಿರುವಾಗ ನಾನು ಆ ಕೆಲಸ ಮಾಡಿಲ್ಲ. ಅವಳ ಬೆರಳುಗಳಿಗೆ ಇನ್ನೂ ಬಿಳಿ ಪಟ್ಟಿ ಸುತ್ತಿತ್ತು, ಎರಡು ಬೆರಳು ಬಾಗುತ್ತಿರಲಿಲ್ಲ. ಆಪಾ ಫ್ಲಾಸ್ಕನ್ನು ಎತ್ತಿ ನನ್ನ ಮುಂದೆ ಇಟ್ಟರು.

"ರೌಶಾನ್ ಸುರೀಲಿ. ಸುರೀತಾ ಹೇಳ್ಲಿ. ಮಾತು ಮೆತ್ತಗೆ ಮಾಡ್ದೆ ಹೇಳು. ಈ ಆಟದಲ್ಲಿ ಏನೇನು ಮುರಿಯುತ್ತೆ?"

ಮೊದಲ ಬಟ್ಟಲಿನ ಟೀ ಸ್ವಲ್ಪ ನನ್ನ ಎಡಗೈ ಮೇಲೆ ಚೆಲ್ಲಿತು. ಆದರೂ ಹೇಳಿದೆ. ಕೊರಳೆಲುಬು, ಬೆರಳು, ಮೂಗು. ಮೊಣಕಾಲಿನೊಳಗಿನ ನಾರು ಹರಿದರೆ ಒಂದು ವರ್ಷ ಆಡುವಂತಿಲ್ಲ. ತಲೆಗೆ ಏಟು ಬಿದ್ದರೆ ಕೂಡಲೇ ಹೊರಗೆ ಕಳಿಸುತ್ತಾರೆ, ಅದು ಎಲ್ಲಕ್ಕಿಂತ ಅಪಾಯ. ಜನವರಿಯಲ್ಲಿ ಮುರಿದದ್ದು ಆಟದಲ್ಲೇ. ಅವಳು ನಿಮಗೆ ನಿಜ ಹೇಳು ಎಂದಿದ್ದಳು, ಹೇಳದೆ ಇದ್ದದ್ದು ನಾನು. ಸಂಬಂಧ ತಂದವಳು ನಾನು, ನನ್ನ ಮೇಲೆ ಬರುತ್ತದೆ ಎಂದು ಹೆದರಿದೆ. ಮತ್ತೆ, ಅದು ವಾಲಿಬಾಲಿನ ಹಾಗೆ ಇಲ್ಲವೇ ಇಲ್ಲ.

"ಅದು ನನಗೆ ಬಸ್ಸಲ್ಲೇ ಗೊತ್ತಾಯ್ತು," ಎಂದರು ಆಪಾ.

ತೊಲ್ಕಿನ್ ತಲೆ ತಗ್ಗಿಸಿ, "ಆ ಬೂಟು ತುಂಬಾ ಚೆನ್ನಾಗಿದೆ ಆಪಾ. ಚಳಿಗಾಲ ಪೂರ್ತಿ ಅದನ್ನೇ ಹಾಕ್ಕೊಂಡೆ. ಎಲ್ಲೂ ಜಾರ್ಲಿಲ್ಲ," ಎಂದಳು.

ಆಪಾ ಬಟ್ಟಲು ಎತ್ತಿದರು, ಕುಡಿಯಲಿಲ್ಲ. "ನಿಮ್ಮ ಮಾವ ಮೂರು ಸಲ ಪಕ್ಕೆಲುಬು ಮುರ್ಕೊಂಡು ಬಂದ್ರು," ಎಂದರು. "ಒಂದ್ಸಲ ತೊಡೆ. ಪ್ರತಿ ಸಲ ನಾನೇ ಪಟ್ಟಿ ಕಟ್ಟಿದೆ, ನಾನೇ ಮೂಳೆ ಸಾರು ಕುಡಿಸಿದೆ. ಮುರಿದದ್ದನ್ನ ಕಟ್ಟೋಕೆ ನನಗೆ ಬರುತ್ತೆ ರೌಶಾನ್. ನೀನು ಮುಚ್ಚಿಟ್ರೆ ನಾನು ಎಲ್ಲಿಗೆ ಪಟ್ಟಿ ಕಟ್ಲಿ? ಈ ಹುಡುಗಿ ಕೊರಳೆಲುಬು ಮುರ್ಕೊಂಡು ಮಲಗಿದ್ದಾಗ ನಾನು ಬೂಟಿನಂಗಡೀಲಿ ಚೌಕಾಸಿ ಮಾಡ್ತಿದ್ದೆ."

ನಾನು ತೊಲ್ಕಿನಳ ಬಟ್ಟಲಿಗೆ ಟೀ ಸುರಿದೆ. ಹೇಳಲು ಮೆತ್ತಗಿನ ಮಾತುಗಳಷ್ಟೇ ಇದ್ದವು. ಕಾಲುವೆಯ ನೀರು ಓಡುತ್ತಿತ್ತು. ಮೈದಾನದ ಕಡೆಯಿಂದ ಮುಂದಿನ ಪಂದ್ಯದ ಸೀಟಿ ಕೇಳಿತು. ತೊಲ್ಕಿನ್ ಆ ಕಡೆ ತಿರುಗದೆ ಇರಲು ಬಹಳ ಕಷ್ಟಪಡುತ್ತಿದ್ದಳು. ಅದು ಆಪಾರಿಗೂ ಕಂಡಿತು.

ಅವರು ಬಟ್ಟಲು ಕೆಳಗಿಟ್ಟು, ಎರಡೂ ಅಂಗೈಗಳನ್ನು ಎದೆಯ ಮುಂದೆ ಬಿಡಿಸಿ ಹಿಡಿದರು. ಹರಸುವಾಗ ಹಿರಿಯರು ಹಿಡಿಯುವುದು ಹಾಗೆ. ತೊಲ್ಕಿನ್ ಪಟ್ಟಿ ಸುತ್ತಿದ ಕೈಗಳನ್ನು ಬಿಡಿಸಿದಳು. ನಾನೂ ಬಿಡಿಸಿದೆ, ಎಡಗೈಯಲ್ಲಿ ಟೀ ಹನಿ ಇತ್ತು.

"ನಿನ್ನ ಕಾಲಿಗೆ ಬಲ ಬರ್ಲಿ," ಎಂದರು ಆಪಾ. "ಹಿಡಿದದ್ದು ಕೈ ತಪ್ಪದೆ ಇರ್ಲಿ. ನೀನು ಕೆಡವಿದವರು ನಗ್ತಾ ಏಳ್ಲಿ. ಆ ಗೆರೆ ಒಳಗಿರೋವಾಗ ನಿನಗೆ ಅತ್ತೆ ಇಲ್ಲ, ಸಲಾಮು ಇಲ್ಲ. ನಿನ್ನ ಮೂಳೆ ಗಟ್ಟಿಯಾಗಿರ್ಲಿ. ಅಕಸ್ಮಾತ್ ಮುರಿದ್ರೆ, ಸುದ್ದಿ ಅವತ್ತೇ, ಇದ್ದದ್ದು ಇದ್ದ ಹಾಗೆ ಮನೆಗೆ ಬರ್ಲಿ."

"ಔಮಿನ್," ಎಂದಳು ತೊಲ್ಕಿನ್.

"ಔಮಿನ್," ಎಂದೆ ನಾನು, ಅವಳಿಗಿಂತ ಸ್ವಲ್ಪ ಜೋರಾಗಿ.

ಮೂವರೂ ಅಂಗೈಯಿಂದ ಮುಖ ಸವರಿಕೊಂಡೆವು. ತೊಲ್ಕಿನ್ ಕೈ ತೆಗೆದಾಗ ಕಣ್ಣು ಒದ್ದೆಯಾಗಿತ್ತು. ಆಪಾ ಅದನ್ನು ನೋಡದವರಂತೆ ಕಾಜ಼ಿಯ ದಪ್ಪ ತುಂಡೊಂದನ್ನು ಅವಳ ಮುಂದೆ ಸರಿಸಿದರು. ಆಮೇಲೆ ತಮ್ಮ ಬಟ್ಟಲಿನೊಳಗೆ ಇಣುಕಿ, ಅದನ್ನು ನನ್ನ ಕಡೆ ಚಾಚಿದರು.

"ಆರಿಹೋಯ್ತು. ಬೇರೆ ಸುರಿ," ಎಂದರು. "ತುಂಬಾ ಬಿಸಿ ಇದ್ರೆ ಬಿಸಿ ಇದೆ ಅಂತ ಹೇಳು."